ಒಡೆಟ್ ವೆರ್ನೇಗೆ ನಾನು ಹೇಳಿದ ಸುಳ್ಳು

ರಜಿಯಾ ಮಾಡದ ತಪ್ಪನ್ನು ಅವಳ ತಲೆಗೆ ಕಟ್ಟಿದವಳು ನಾನು. ಮಾತು ಕೊಟ್ಟು ಮುರಿದವಳೂ ನಾನೇ. ಆದರೆ ಆ ವೃದ್ಧೆ ಟ್ಯಾಕ್ಸಿಯಲ್ಲಿ ನನ್ನ ಕಡೆ ತಿರುಗಿ "ಇದನ್ನು ತೋರಿಸಬಹುದೆಂದು ನಿನಗೆ ಹೇಳಿದವರು ಯಾರು?" ಎಂದು ಕೇಳಿದಾಗ ನಾನು ರಜಿಯಾಳ ಹೆಸರು ಹೇಳಿದೆ. ಗಾಬರಿಯಲ್ಲಿ ಬಾಯಿ ತಪ್ಪಿ ಬಂತು ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಬಾಯಿ ತಪ್ಪಿರಲಿಲ್ಲ. ಟ್ಯಾಕ್ಸಿ ಹತ್ತುವ ಮೊದಲೇ ಆ ಉತ್ತರವನ್ನು ಯೋಚಿಸಿ ಇಟ್ಟುಕೊಂಡಿದ್ದೆ.

ಆಗ ನಾನು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಸಿನಿಮಾ ಅಧ್ಯಯನದಲ್ಲಿ ಎಂ.ಎ. ಮಾಡುತ್ತಿದ್ದೆ. ಊರು ಧಾರವಾಡ. ಅಲ್ಲಿನ ಹೆಡಿಂಗ್ಲೀ ಬಡಾವಣೆಯ ಸಾಲುಮನೆಯೊಂದರಲ್ಲಿ ಮಂಗಳೂರಿನ ರಜಿಯಾಳ ಜೊತೆ ಇದ್ದೆ. ಅವಳು ಸಾರ್ವಜನಿಕ ಆರೋಗ್ಯದ ವಿದ್ಯಾರ್ಥಿನಿ. ಬಿಡುವಿನಲ್ಲಿ ಒಂದು ಏಜೆನ್ಸಿಯ ಪರವಾಗಿ ವಯಸ್ಸಾದವರ ಮನೆಗಳಿಗೆ ಹೋಗಿ ಅವರಿಗೆ ಸ್ನಾನ, ತಿಂಡಿ, ಮಾತ್ರೆ ನೋಡಿಕೊಳ್ಳುವ ಕೆಲಸ. ನನಗೆ ಜ್ವರ ಬಂದರೆ ಗಂಜಿ ಮಾಡಿ ಕೊಡುತ್ತಿದ್ದಳು. ನನ್ನ ಪ್ರಬಂಧದ ಕರಡುಗಳನ್ನು ಅರ್ಥವಾಗದಿದ್ದರೂ ಕೂತು ಕೇಳುತ್ತಿದ್ದಳು. ಅಂಥವಳು.

ಒಂದು ದಿನ ಕೆಲಸದಿಂದ ಬಂದವಳೇ ಹೇಳಿದಳು, "ಶೈಲಾ, ನಮ್ಮ ಮಿಸೆಸ್ ಬೆಲ್ ಅಜ್ಜಿ ಇದ್ದಾರಲ್ಲ, ಅವರು ಫ್ರಾನ್ಸಿನಲ್ಲಿ ಸಿನಿಮಾ ಮಾಡಿದ್ದಂತೆ ಮಾರಾಯ್ತಿ! ಗೋಡೆಯಲ್ಲಿ ಫೋಟೋ ಉಂಟು. ಎಂಥ ಚಂದ!"

ಫೋಟೋ ನೋಡಲು ಹೋದೆ. ನೋಡಿದ ಕೂಡಲೇ ಗುರುತು ಸಿಕ್ಕಿತು. ನಮ್ಮ ತರಗತಿಯಲ್ಲಿ ಒಂದು ಹಳೆಯ ಫ್ರೆಂಚ್ ಚಿತ್ರದ ಒಂದೇ ಒಂದು ದೃಶ್ಯವನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು — ಕಿಟಕಿಯ ಬಳಿ ನಿಂತ ಹುಡುಗಿಯೊಬ್ಬಳು ಸಾವಿನ ಸುದ್ದಿ ಕೇಳುವ ದೃಶ್ಯ. ಅವಳ ಮುಖ ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ಆ ಹುಡುಗಿ ಒಡೆಟ್ ವೆರ್ನೇ. ಆ ಚಿತ್ರದ ನಂತರ ಏನಾದಳೋ ಯಾರಿಗೂ ತಿಳಿಯದು ಎಂದು ನಮ್ಮ ಪ್ರೊಫೆಸರ್ ಹೇಳುತ್ತಿದ್ದರು. ಅವಳು ನಮ್ಮ ಮನೆಯಿಂದ ಎರಡು ಬಸ್ ಸ್ಟಾಪ್ ಆಚೆ ಕೂತು, ರಜಿಯಾ ಮಾಡಿಕೊಟ್ಟ ಉಪ್ಪಿಟ್ಟನ್ನು ಫೋರ್ಕಿನಲ್ಲಿ ತಿನ್ನುತ್ತಿದ್ದಳು.

ಮಿಸೆಸ್ ಬೆಲ್ ನನ್ನನ್ನು ನಂಬಿದರು. ಯಾಕೆಂದರೆ ನಾನು ರಜಿಯಾಳ ಗೆಳತಿ. ರಜಿಯಾಳನ್ನು ಅವರು "ನನ್ನ ಪುಟ್ಟಿ" ಎಂದು ಫ್ರೆಂಚಿನಲ್ಲಿ ಕರೆಯುತ್ತಿದ್ದರು. ಅವಳು ಬಾಗಿಲು ತೆರೆದರೆ ಸಾಕು, ಅವರ ಮುಖ ಅರಳುತ್ತಿತ್ತು. ಗಂಡ ಸತ್ತು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಚಳಿಗಾಲದ ಮಧ್ಯಾಹ್ನಗಳಲ್ಲಿ ಹೀಟರಿನ ಪಕ್ಕ ಕೂತು ತಮ್ಮ ಬದುಕನ್ನು ಹೇಳಿದರು. ಉತ್ತರ ಫ್ರಾನ್ಸಿನ ಬಂದರು ಪಟ್ಟಣ, ಬಟ್ಟೆ ಒಗೆದು ಇಸ್ತ್ರಿ ಮಾಡಿ ಮಗಳನ್ನು ಬೆಳೆಸಿದ ತಾಯಿ. ಹದಿನೇಳಕ್ಕೆ ಪ್ಯಾರಿಸ್; ಟೋಪಿ ಅಂಗಡಿಯಲ್ಲಿ ಕೆಲಸ. ಮೊದಲ ಸಿನಿಮಾಗಳಲ್ಲಿ ಬರೀ ಬೆನ್ನು — ವೈನ್ ಸುರಿಯುವ ಬೆನ್ನು, ಮೆಟ್ಟಿಲು ಹತ್ತುವ ಬೆನ್ನು. ಆಮೇಲೆ ಒಂದು ಹಾಸ್ಯಚಿತ್ರದಲ್ಲಿ ತಟ್ಟೆಗಳ ಸಮೇತ ಕಾರಂಜಿಯೊಳಗೆ ಬೀಳುವ ಪರಿಚಾರಿಕೆ. ಥಿಯೇಟರ್ ತುಂಬ ಜನ ನಕ್ಕರಂತೆ. ಅದನ್ನು ಹೇಳುವಾಗ ಅವರೂ ಕೆಮ್ಮು ಬರುವವರೆಗೆ ನಕ್ಕರು. "ಜನರನ್ನು ನಗಿಸಲು ಹುಟ್ಟಿದವಳು ನಾನು," ಎಂದರು.

ಹಾಸ್ಯಚಿತ್ರ ನೋಡಿದ ದೊಡ್ಡ ನಿರ್ದೇಶಕನೊಬ್ಬ ಅವರನ್ನು ಕರೆಸಿಕೊಂಡ. ಕಿಟಕಿಯ ದೃಶ್ಯ ಅವನದ್ದು. ಚಿತ್ರೀಕರಣದ ದಿನ ಬೆಳಿಗ್ಗೆ ಸ್ಟುಡಿಯೋಗೆ ಫೋನ್ ಬಂದಿತ್ತು — ಒಡೆಟ್‌ಳ ತಾಯಿ ತೀರಿಹೋದರು ಎಂದು. ಅವನು ಯಾರಿಗೂ ಹೇಳಗೊಡಲಿಲ್ಲ. ದೀಪಗಳು ಸಿದ್ಧವಾಗುವವರೆಗೆ, ಮೋಡ ಸರಿದು ಕಿಟಕಿಗೆ ಬೇಕಾದ ಬೆಳಕು ಬರುವವರೆಗೆ ಸಂಜೆ ತನಕ ಕಾದ. ಆಮೇಲೆ ಕ್ಯಾಮೆರಾ ಓಡಿಸಿ, ಅದರ ಪಕ್ಕದಲ್ಲಿ ನಿಂತು, ತಾನೇ ಹೇಳಿದ. ಪ್ರಪಂಚ ಮೆಚ್ಚಿದ ಮುಖ ಅದು. ಅಷ್ಟರಲ್ಲಿ ಊರಿನ ರೈಲು ಹೋಗಿತ್ತು. ಮಣ್ಣು ಮಾಡುವ ಹೊತ್ತಿಗೆ ಅವರು ತಲುಪಲಿಲ್ಲ.

ಅವರು ಮತ್ತೆಂದೂ ನಟಿಸಲಿಲ್ಲ. ಆ ಚಿತ್ರವನ್ನು ನೋಡಲೂ ಇಲ್ಲ. ಇಂಗ್ಲಿಷ್ ಇಂಜಿನಿಯರೊಬ್ಬನನ್ನು ಮದುವೆಯಾಗಿ ಯಾರಿಗೂ ಪರಿಚಯವಿಲ್ಲದ ಊರಿಗೆ ಬಂದು ಮಿಸೆಸ್ ಬೆಲ್ ಆದರು.

ಇದನ್ನು ಅವರು ಹೇಳಿದ್ದು ನಮ್ಮಿಬ್ಬರಿಗೆ ಮಾತ್ರ. ರಜಿಯಾ ಅವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದವಳು ಕೈ ನಿಲ್ಲಿಸಿ ಅತ್ತಳು. ನಾನು? — ಇಷ್ಟು ಬರೆದ ಮೇಲೆ ಇದನ್ನೂ ಬರೆಯಲೇಬೇಕು — ನಾನು ಖುಷಿಪಟ್ಟೆ. ನನ್ನ ಕೆಲಸ ಅಚ್ಚುಕಟ್ಟಾಗಿದೆ, ಆದರೆ ಸಪ್ಪೆ ಎಂದು ಪ್ರೊಫೆಸರ್ ಆಗಷ್ಟೇ ಹೇಳಿದ್ದರು. ಎದುರಿಗಿದ್ದ ಮುದುಕಿಯ ನಡುಗುವ ಗಲ್ಲ ನೋಡುತ್ತ, ಇದು ಸಪ್ಪೆಯಲ್ಲ ಎಂದುಕೊಂಡೆ.

ವಿಭಾಗದಲ್ಲಿ ಅವರ ಗೌರವಕ್ಕೆ ಒಂದು ಪ್ರದರ್ಶನ ಏರ್ಪಡಿಸಿದೆ. ಹಾಸ್ಯಚಿತ್ರ ತೋರಿಸುತ್ತೇನೆ ಎಂದೆ. "ಇನ್ನೊಂದು ಬೇಡ," ಎಂದರು ಅವರು. "ಮಾತು ಕೊಡು." ನಾನು ಅವರ ಕೈ ಹಿಡಿದು ಮಾತು ಕೊಟ್ಟೆ. ಮನೆಗೆ ಬರುವ ದಾರಿಯಲ್ಲಿ ರಜಿಯಾಳ ಬಳಿ, ಆ ಇನ್ನೊಂದನ್ನು ಅವರು ಒಮ್ಮೆ ನೋಡಿದರೆ ಮನಸ್ಸು ಹಗುರವಾದೀತೇನೋ ಎಂದು ಬಾಯಿಬಿಟ್ಟೆ. ಅವಳು ನಡುದಾರಿಯಲ್ಲೇ ನಿಂತಳು.

"ಅವರು ಬೇಡ ಅಂದಿದ್ದಾರಲ್ಲ. ಮತ್ತೆ ಎಂತದು ನಿಂದು?"

"ಸುಮ್ಮನೆ ಹೇಳಿದೆ ಕಣೇ."

"ಸುಮ್ಮನೆ ಸಹ ಹೇಳಬೇಡ."

ಪ್ರದರ್ಶನದ ದಿನ ಮಿಸೆಸ್ ಬೆಲ್ ಪಾರ್ಲರಿಗೆ ಹೋಗಿ ಕೂದಲು ಸರಿಮಾಡಿಸಿಕೊಂಡಿದ್ದರು. ತುಟಿಗೆ ಬಣ್ಣ. ರಜಿಯಾಗೆ ಪರೀಕ್ಷೆಯಿತ್ತು, ಅವರಿಗೆ ಕೋಟು ತೊಡಿಸಿ, ಟ್ಯಾಕ್ಸಿಯಲ್ಲಿ ಕೂರಿಸಿ, ಸೀಟ್‌ಬೆಲ್ಟ್ ಹಾಕಿ, "ಅಜ್ಜಿಯನ್ನು ಜೋಪಾನ ನೋಡಿಕೊ," ಎಂದು ನನಗೆ ಹೇಳಿ ಹೋದಳು. ಕಾರಂಜಿಗೆ ಬೀಳುವಾಗ ನಿಜಕ್ಕೂ ಎಷ್ಟು ತಟ್ಟೆ ಒಡೆದವು ಎಂಬುದನ್ನು ವಿದ್ಯಾರ್ಥಿಗಳಿಗೆ ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಅವರು ಅಭ್ಯಾಸ ಮಾಡಿದರು.

ಅವರನ್ನು ಮೊದಲ ಸಾಲಿನಲ್ಲಿ ಕೂರಿಸಿದೆ. ಪರದೆಯ ಪಕ್ಕದಲ್ಲಿ ಚಿಕ್ಕ ಕ್ಯಾಮೆರಾವೊಂದನ್ನು ಮೊದಲೇ ಇಟ್ಟಿದ್ದೆ. ಅದರ ಕಣ್ಣು ಅವರ ಮುಖದ ಮೇಲಿತ್ತು.

ದೀಪ ಆರಿತು. ಬಂದರಿನ ದೃಶ್ಯದಿಂದ ಆ ಇನ್ನೊಂದು ಚಿತ್ರ ಶುರುವಾಯಿತು. ಅವರಿಗೆ ತಕ್ಷಣ ಗೊತ್ತಾಯಿತು. ತಲೆ ತಿರುಗಿಸಿ ಕತ್ತಲಲ್ಲಿ ನನ್ನನ್ನು ಹುಡುಕಿದರು. ನಾನು ಕ್ಯಾಮೆರಾದ ಹಿಂದೆ ಕೂತಿದ್ದೆ, ಅಲುಗಾಡಲಿಲ್ಲ. ಎದ್ದು ಹೋಗೋಣವೆಂದು ಕುರ್ಚಿಯ ಕೈ ಹಿಡಿದರು — ಅವರ ಮೊಣಕಾಲು ಯಾರಾದರೂ ಎತ್ತದೆ ಮೇಲೇಳುವಂಥದ್ದಲ್ಲ. ಅದು ನನಗೆ ಗೊತ್ತಿತ್ತು. ಮತ್ತೊಮ್ಮೆ ಪ್ರಯತ್ನಿಸಿದರು. ಆಮೇಲೆ ಬಿಟ್ಟರು. ಕಿಟಕಿಯ ದೃಶ್ಯ ಬಂತು. ಪರದೆಯ ಹುಡುಗಿ "ಅಮ್ಮಾ" ಎಂದು ಬಾಯಿ ತೆರೆದಾಗ, ಕೆಳಗೆ ಕೂತ ಮುದುಕಿಯ ಬಾಯಿಯೂ ತೆರೆಯಿತು. ಆ ಕ್ಷಣದಲ್ಲಿ ನನಗೆ ಅನಿಸಿದ್ದು ಒಂದೇ — ಫೋಕಸ್ ಸರಿಯಾಗಿದೆಯೇ?

ದೀಪ ಹತ್ತಿದಾಗ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಆ ದೃಶ್ಯಕ್ಕೆ ಹೇಗೆ ಸಿದ್ಧತೆ ಮಾಡಿಕೊಂಡಿರಿ ಎಂದು ಹುಡುಗನೊಬ್ಬ ಕೇಳಿದ. ಅವರು "ನಾನು ಸಿದ್ಧವಾಗಿರಲಿಲ್ಲ. ಅವನು ಸಿದ್ಧವಾಗಿದ್ದ," ಎಂದರು. ಏನೋ ಚಮತ್ಕಾರದ ಮಾತೆಂದು ಜನ ಮತ್ತೆ ಚಪ್ಪಾಳೆ ತಟ್ಟಿದರು.

ಟ್ಯಾಕ್ಸಿಯಲ್ಲಿ ಅವರು ಆ ಪ್ರಶ್ನೆ ಕೇಳಿದರು. ನಾನು ಹೇಳಿದೆ: "ನೀವು ಮನಸ್ಸು ಬದಲಿಸಿದ್ದೀರಿ, ಇದನ್ನೇ ತೋರಿಸಲಿ ಅಂದಿರಿ ಎಂದು ರಜಿಯಾ ಹೇಳಿದಳು."

"ರಜಿಯಾ?"

"ಹೌದು."

"ನನ್ನ ರಜಿಯಾ?"

"ಹೌದು."

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ನನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದರೆ ಕ್ಯಾಮೆರಾದಲ್ಲಿದ್ದದ್ದನ್ನು ಬಳಸಲು ಬಿಡುತ್ತಿರಲಿಲ್ಲ. ನನಗೆ ಅದು ಬೇಕಿತ್ತು. ಕಾರಣ ಅಷ್ಟೇ, ಅದಕ್ಕಿಂತ ದೊಡ್ಡದೇನೂ ಇಲ್ಲ.

ಮರುದಿನ ಏಜೆನ್ಸಿಯವರು ಫೋನ್ ಮಾಡಿ ಆ ಮನೆಗೆ ಇನ್ನು ಹೋಗಕೂಡದೆಂದು ರಜಿಯಾಗೆ ತಿಳಿಸಿದರು. ಅವಳು ಆದರೂ ಹೋದಳು. ಒಳಗೆ ದೀಪವಿತ್ತು, ಬಾಗಿಲು ತೆರೆಯಲಿಲ್ಲ. ಇನ್ನೊಮ್ಮೆ ಹೋದಾಗ ಪಕ್ಕದ ಮನೆಯವರು ಹೊರಗೆ ಬಂದು, ದೂರು ಕೊಡಬೇಕಾಗುತ್ತದೆ ಎಂದರಂತೆ. ಏಜೆನ್ಸಿಯೂ ಅವಳನ್ನು ತೆಗೆದುಹಾಕಿತು. ಅಡುಗೆಮನೆಯಲ್ಲಿ ನಿಂತು "ನಾನು ಎಂತ ಮಾಡಿದೆ ಶೈಲಾ? ನೀನಾದರೂ ಹೇಳು," ಎಂದು ಅತ್ತಳು. ನಾನು ಅವಳ ಬೆನ್ನು ಸವರಿದೆ. "ವಯಸ್ಸಾದವರು, ತಲೆ ಸರಿಯಿಲ್ಲ, ಬಿಡು," ಎಂದೆ. ಸಿನಿಮಾ ಹೇಗಾಯಿತು ಎಂದು ಕೇಳಿದ್ದಕ್ಕೆ, ಎಲ್ಲರೂ ನಕ್ಕರು ಎಂದೆ.

ತನ್ನ ಹಳೆಯ ಮುಖವನ್ನು ನೋಡುವ ಮುದುಕಿಯ ಮುಖ — ನನ್ನ ಆ ಕಿರುಚಿತ್ರ ನನಗೆ ಹೆಸರು ತಂದಿತು. ಮ್ಯಾಂಚೆಸ್ಟರಿನಲ್ಲಿ ಸಂಶೋಧನೆಯ ಅವಕಾಶ ಸಿಕ್ಕಿತು, ಆಮೇಲೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಪಾಠ ಹೇಳುವ ಕೆಲಸ. ಆ ಚಿತ್ರದ ವಿಷಯವನ್ನು ರಜಿಯಾಗೆ ಮಾತ್ರ ಎಂದೂ ಹೇಳಲಿಲ್ಲ. ಅದನ್ನು ಹೊರಗಿನ ಉತ್ಸವವೊಂದಕ್ಕೆ ಕಳಿಸಬೇಕಾದಾಗ ಅವರ ಒಪ್ಪಿಗೆ ಬೇಕಿತ್ತು. ಆಗ ಅವರು ಆಸ್ಪತ್ರೆಯಲ್ಲಿದ್ದರು. ಹೂವು ತೆಗೆದುಕೊಂಡು ಹೋದೆ. "ತಗೊ," ಎಂದರು. "ಎಲ್ಲರೂ ತಗೊಂಡಿದ್ದಾರೆ." ನಾನು ಏಳುವಾಗ ನನ್ನ ತೋಳು ಹಿಡಿದರು.

"ಆ ಹುಡುಗಿ… ನನ್ನ ಬಗ್ಗೆ ಯಾವಾಗಲಾದರೂ ಕೇಳುತ್ತಾಳಾ?"

ರಜಿಯಾ ಪ್ರತಿ ಸಲ ಫೋನ್ ಮಾಡಿದಾಗಲೂ ಕೇಳುತ್ತಿದ್ದಳು. ಮೊದಲು ಕೇಳುತ್ತಿದ್ದದ್ದೇ ಅದು.

"ಇಲ್ಲ," ಎಂದೆ.

ಕೇಳುತ್ತಾಳೆ ಎಂದಿದ್ದರೆ ಕರೆಸು ಎನ್ನುತ್ತಿದ್ದರು. ಇಬ್ಬರೂ ಎದುರಾದರೆ ನನ್ನ ಸುಳ್ಳು ಹೊರಬೀಳುತ್ತಿತ್ತು. ಆ ತಿಂಗಳೇ ಅವರು ಹೋದರು.

ಕಳೆದ ಭಾನುವಾರ ಸ್ಟಾಕ್‌ಪೋರ್ಟಿಗೆ ಹೋದೆ. ರಜಿಯಾ ಈಗ ಅಲ್ಲಿ ಗಂಡ, ಮಗಳ ಜೊತೆ ಇದ್ದಾಳೆ. ಮಧ್ಯಾಹ್ನ ನನಗೆಂದೇ ನೀರುದೋಸೆ ಮಾಡುತ್ತಿದ್ದಳು. ಅತ್ತೆಗೆ ಹುಷಾರಿಲ್ಲ ಎನ್ನುತ್ತ, ಕಾಲಿಗೆ ಎಣ್ಣೆ ತಿಕ್ಕುವ ಮಾತಿನಿಂದ ಅಜ್ಜಿಯ ನೆನಪಾಗಿ, "ಎಂತ ತಪ್ಪು ಮಾಡಿದ್ದು ಅಂತ ಇವತ್ತಿಗೂ ಗೊತ್ತಾಗಲಿಲ್ಲ ನೋಡು," ಎಂದು ನಕ್ಕಳು. ಆ ನಗು — ಅದನ್ನು ನನ್ನಿಂದ ತಡೆಯಲಾಗಲಿಲ್ಲ. ಹೇಳಿದೆ. ಎಲ್ಲವನ್ನೂ, ಟ್ಯಾಕ್ಸಿಯವರೆಗೆ.

ಅವಳು ಒಲೆ ಆರಿಸಿದಳು. ಕೈ ಒರೆಸಿಕೊಂಡಳು.

"ಸಾಯುವ ಮೊದಲು ಅಜ್ಜಿ ನನ್ನನ್ನು ಕೇಳಿದ್ರಾ?"

ಅದನ್ನೂ ಹೇಳಿದೆ. ನಾನು ಕೊಟ್ಟ ಉತ್ತರವನ್ನೂ ಹೇಳಿದೆ.

ಅವಳ ಮಗಳು ಬಾಗಿಲಲ್ಲಿ ಬಂದು ನಿಂತು, "ಮಮ್, ವೈ ಈಸ್ ಆಂಟಿ ಕ್ರೈಯಿಂಗ್?" ಎಂದಳು.

"ಆಂಟಿ ಹೊರಡ್ತಾ ಇದ್ದಾರೆ," ಎಂದಳು ರಜಿಯಾ. ಒಳಗಿನಿಂದ ನನ್ನ ಕೋಟು ತಂದು ಕೈಗೆ ಕೊಟ್ಟಳು. ಹೊಸ್ತಿಲಲ್ಲಿ ನಾನು ಏನೋ ಹೇಳಲು ಹೊರಟೆ. ಅವಳು ತಲೆಯಾಡಿಸಿದಳು.

"ಅಳಬೇಡ. ನೀನು ಅತ್ತರೆ ನಾನು ಸಮಾಧಾನ ಮಾಡಬೇಕಾಗ್ತದೆ. ಅದು ಇನ್ನು ನನ್ನಿಂದ ಆಗುದಿಲ್ಲ."

ಬಾಗಿಲು ಮೆಲ್ಲಗೆ ಮುಚ್ಚಿತು.

ಈ ವಾರ ನನ್ನ ಕಿರುಚಿತ್ರವನ್ನು ಎಲ್ಲ ಕಡೆಯಿಂದ ಹಿಂದಕ್ಕೆ ಪಡೆದೆ. ಯಾಕೆ ಎಂದು ವಿಭಾಗದವರು ಕೇಳಿದರು. ಅದನ್ನು ಹೇಗೆ ತೆಗೆದೆ ಎಂಬುದನ್ನು ಹೇಳಿದೆ. ನನ್ನನ್ನು ಏನು ಮಾಡಬೇಕೆಂದು ಅವರು ಯೋಚಿಸುತ್ತಿದ್ದಾರೆ. ಇದನ್ನು ರಜಿಯಾಗೆ ತಿಳಿಸಿಲ್ಲ, ತಿಳಿಸುವುದೂ ಇಲ್ಲ. ತಿಳಿಸಿದರೆ ಅವಳಿಂದ ಮತ್ತೆ ಏನನ್ನೋ ಬೇಡಿದಂತಾಗುತ್ತದೆ.