ಅಪ್ಪ ಹಿಂದಿನ ಸೀಟಿಗೆ ಬಂದದ್ದು

ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಆದರೂ ಅವರನ್ನು ನೆನೆದಾಗಲೆಲ್ಲ ನನಗೆ ಮೊದಲು ಬರುವುದು ನಗು.

ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದವರು ಅಪ್ಪ. ಹಿಮ ಬೀಳುವ ಗುಡ್ಡಗಳಲ್ಲಿ ಇಪ್ಪತ್ತು ವರ್ಷ ಸ್ಟಿಯರಿಂಗ್ ಹಿಡಿದು, ನಿವೃತ್ತರಾಗಿ ಶಿರಸಿಗೆ ಬಂದು ಒಂದು ಸ್ಕೂಟರ್ ಕೊಂಡರು. ಅದನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಇನ್ನೊಬ್ಬರ ಗಾಡಿಯ ಹಿಂದೆ ಅವರು ಕೂರುವಂತೆಯೂ ಇರಲಿಲ್ಲ.

ಅರವತ್ತೆರಡಕ್ಕೆ ಕಣ್ಣು ಮಂದವಾಯಿತು. ಇನ್ನು ಗಾಡಿ ಓಡಿಸಬೇಡಿ ಎಂದರು ಡಾಕ್ಟರು. ಎರಡು ದಿನ ಅಪ್ಪ ನಿಂತ ಸ್ಕೂಟರನ್ನೇ ಒರೆಸುತ್ತ ಕೂತರು. ಮೂರನೆಯ ದಿನ ಕೀಲಿಕೈ ತಂದು ಅಮ್ಮನ ಅಂಗೈಯಲ್ಲಿಟ್ಟು, "ನೀನು ಕಲಿಯವು" ಎಂದು ನಮ್ಮ ಮನೆಮಾತಿನಲ್ಲೇ ಆಜ್ಞೆ ಮಾಡಿದರು. ಹೆಗ್ಗರಣೆಯ ತವರಿನಲ್ಲಿ ಸೈಕಲ್ಲನ್ನೂ ಹತ್ತದ ಅಮ್ಮನಿಗೆ ಆಗ ಐವತ್ತೈದು.

ಮರುದಿನವೇ ಮೈದಾನದಲ್ಲಿ ತರಬೇತಿ. ಅಮ್ಮ ಸೆರಗು ಸಿಕ್ಕಿಸಿ ಆಕ್ಸಿಲರೇಟರ್ ತಿರುವಿದ್ದೇ ತಡ, ಗಾಡಿ ಹೊರಟಿತು. ನಿಲ್ಲಲಿಲ್ಲ. ಕಪ್ಪು ಕನ್ನಡಕದ ಅಪ್ಪ ಪಕ್ಕದಲ್ಲೇ ಓಡುತ್ತ, "ಬ್ರೇಕು! ಎಡಗೈ, ಎಡಗೈ!" ಎಂದರು.

"ಎಡಗೈ ಯಾವ್ದು? ಎಂಗೆ ನಿಲ್ಸಲೆ ಬತ್ತಿಲ್ಲೆ!" ಅಮ್ಮ ಕೂಗಿದಳು.

ನಾನು ಹುಲ್ಲಿನ ಮೇಲೆ ಕುಸಿದು ಹೊಟ್ಟೆ ಹಿಡಿದುಕೊಂಡಿದ್ದೆ. ಐದನೆಯ ಸುತ್ತಿಗೆ ವಾಕಿಂಗ್ ಬಂದವರೆಲ್ಲ ಚಪ್ಪಾಳೆ ತಟ್ಟತೊಡಗಿದರು. ಕೊನೆಗೆ ಅಪ್ಪ ಗಾಡಿಗೆ ಎದುರಾಗಿ ಸೆಟೆದು ನಿಂತು, ಕೈಯೆತ್ತಿ, ಪರೇಡಿನಲ್ಲಿ ಸಿಪಾಯಿಗಳನ್ನು ನಿಲ್ಲಿಸುವ ದನಿಯಲ್ಲಿ "ಥಮ್!" ಎಂದು ಗರ್ಜಿಸಿದರು. ಎರಡೂ ಬ್ರೇಕು ಒಟ್ಟಿಗೇ ಬಿಗಿದು, ಸ್ಕೂಟರ್ ಅವರ ಹೆಬ್ಬೆರಳಿನಿಂದ ಒಂದು ಗೇಣು ದೂರದಲ್ಲಿ ನಿಂತಿತು.

"ಮೊದ್ಲೇ ಹಂಗೆ ಹೇಳಲಾಗ್ತಿತ್ತಿಲ್ಯ?" ಎಂದಳು ಅಮ್ಮ.

ಲೈಸೆನ್ಸ್ ಸಿಕ್ಕ ವಾರವೇ ಇಬ್ಬರೂ ಯಲ್ಲಾಪುರದ ಹತ್ತಿರದ ಚಂದಗುಳಿಯ ಗಣಪತಿಗೆ ಗಂಟೆ ಕಟ್ಟಲು ಹೊರಟರು. ಅಮ್ಮ ಪಾಸಾಗಲೆಂದು ಅಪ್ಪನೇ ಗುಟ್ಟಾಗಿ ಹೇಳಿಕೊಂಡ ಹರಕೆ! ನಾನು ಬಸ್ಸಿನಲ್ಲಿ ಹೋದೆ. ಗುಡಿಯ ಎದುರು ಅಮ್ಮನ ಮುಖ ಕೆಂಪಾಗಿತ್ತು. "ತಿರುವಿಗೊಂದ್ಸಲ ಹಾರ್ನ್ ಹೊಡಿ ಹೇಳಿ ಕೂಗ್ತ. ವಾಪಸ್ ಹೋಪಕಾದ್ರೆ ಸುಮ್ನೆ ಕೂರವು" ಎಂದು ಅಪ್ಪನತ್ತ ಬೆರಳು ತೋರಿಸಿದಳು.

ಅಪ್ಪ ಸೆಲ್ಯೂಟ್ ಹೊಡೆದರು.

ಯಲ್ಲಾಪುರದಿಂದ ಮರಳುವಾಗ ನನ್ನ ಬಸ್ಸು ಯಾವುದೋ ಗಾಡಿಯ ಹಿಂದೆ ತೆವಳತೊಡಗಿತು. ಡ್ರೈವರ್ ಹಾರ್ನ್ ಒತ್ತಿದ. ಇಣುಕಿದರೆ ನಮ್ಮದೇ ಸ್ಕೂಟರ್! ಅಮ್ಮ ನಡಿಗೆಯ ವೇಗದಲ್ಲಿ ಹೋಗುತ್ತಿದ್ದಳು. ಅಪ್ಪನ ಹೆಲ್ಮೆಟ್ಟು ಅವಳ ಹೆಗಲಿಗೆ ಒರಗಿತ್ತು.

"ಹಾರ್ನ್ ಹೊಡಿಬೇಡಿ, ನಮ್ಮಪ್ಪ ಮಲಗಿದ್ದಾರೆ!" ಎಂದು ಕೂಗಿಬಿಟ್ಟೆ.

"ಹಂಗಾರ ಹಾಸಿಗಿ ಹಾಸಿ ಕೊಡೋಣೇನ್ರಿ?" ಎಂದ ಡ್ರೈವರ್. ಇಡೀ ಬಸ್ಸು ನಕ್ಕಿತು. ಆದರೆ ಅವನು ಹಾರ್ನ್ ಬಿಟ್ಟು, ರಸ್ತೆ ಅಗಲವಾಗುವವರೆಗೆ ಮೆಲ್ಲನೆ ಹಿಂಬಾಲಿಸಿದ.

ಸಂಜೆ ಮನೆಯಂಗಳದಲ್ಲಿ ಇಳಿದ ಅಪ್ಪ, ನಾನು ಬಸ್ಸಿನಿಂದ ಕಂಡದ್ದನ್ನು ಹೇಳುತ್ತಲೇ, "ಆನು ಎಂತಕ್ಕೆ ಮಲಗ್ತೆ? ಕಣ್ಣು ಮುಚ್ಚಿ ರಸ್ತೆ ನೋಡ್ತಾ ಇದ್ದಿದ್ದಿ" ಎಂದರು. ಅಮ್ಮ, ನಾನು ಒಬ್ಬರ ಮುಖ ಒಬ್ಬರು ನೋಡಿಕೊಂಡು ಅಡುಗೆಮನೆಗೆ ಓಡಿದೆವು.