ಅಕ್ಕೋರ ಟ್ರಂಕಿನ ಮೊರ

ಶಾಲೆಯಲ್ಲಿ ನಮಗೆ ಕಲಿಸುತ್ತಿದ್ದ ಅಕ್ಕೋರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಪುಸ್ತಕದ ಒಂದು ಸಾಲಿನ ಕೆಳಗೆ ಆ ಉಗುರನ್ನು ಒತ್ತಿ ಹಿಡಿದರೆಂದರೆ, ಸಾಲು ನಮ್ಮ ತಲೆಗೆ ಹತ್ತುವವರೆಗೂ ಎತ್ತುತ್ತಿರಲಿಲ್ಲ. ನನ್ನ ಪುಸ್ತಕದ ತುಂಬ ಅದರ ಗುರುತುಗಳೇ ಇದ್ದವು.

ಅರವತ್ತರ ದಶಕದ ಮಾತು. ತುಂಗಭದ್ರೆಯ ಕಾಲುವೆ ನೀರು ಹುಡುಕಿಕೊಂಡು ಆಂಧ್ರದಿಂದ ಬಂದವರು ಸಿರುಗುಪ್ಪ ತಾಲ್ಲೂಕಿನಲ್ಲಿ ಗುಡಿಸಲು ಹಾಕಿಕೊಂಡ ಜಾಗಗಳಿಗೆ ಕ್ಯಾಂಪು ಎನ್ನುತ್ತಾರೆ. ನಾವು ಅಂಥದೊಂದು ಕ್ಯಾಂಪಿನ ಕೂಲಿಯವರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಎರಡರ ಅಕ್ಷರಗಳೂ ಹೆಚ್ಚುಕಡಿಮೆ ಒಂದೇ ಥರ, ತೆಲುಗು ಅಕ್ಷರ ನನಗೆ ಮೊದಲೇ ಗೊತ್ತಿದ್ದುದರಿಂದ ಓದು ಬೇಗ ಹತ್ತಿತು. ಗಿಳಿಯ ಹಾಗೆ ಪುಟಗಟ್ಟಲೆ ಓದುತ್ತಿದ್ದೆ. ಏನು ಓದಿದೆ ಅಂದರೆ ಮಾತ್ರ ಬಾಯಿಗೆ ಬೀಗ. ಹಿಂದಿನ ಮೇಷ್ಟ್ರು ಓದು ಕೇಳಿ ಭೇಷ್ ಅಂದು ಸುಮ್ಮನಾಗುತ್ತಿದ್ದರು. ಅಕ್ಕೋರು ಬಂದ ಮೊದಲ ವಾರವೇ ನನ್ನ ಬಂಡವಾಳ ಬಯಲಾಯಿತು.

"ಪುಸ್ತಕ ಮುಚ್ಚು. ಈಗ ಓದಿದ್ದನ್ನ ಮಾಡಿ ತೋರ್ಸು."

ನಾನು ಕಂಬದ ಹಾಗೆ ನಿಂತೆ. ಅವರು ಬೈಯಲಿಲ್ಲ. ಮೇಜಿನ ಕೆಳಗಿನ ತಗಡಿನ ಟ್ರಂಕು ಎಳೆದರು. ಅದರಲ್ಲಿ ಮೊರ, ಜರಡಿ, ಕುಡುಗೋಲು, ಹಗ್ಗದ ತುಂಡು, ಒಡೆದ ಲಾಟೀನು, ಏನುಂಟು ಏನಿಲ್ಲ! ಪಾಠದಲ್ಲಿ ಗಂಟು ಕಟ್ಟಿದರೆ ನಾವೂ ಕಟ್ಟಬೇಕು, ಜರಡಿ ಹಿಡಿದರೆ ನಾವೂ ಹಿಡಿಯಬೇಕು. ಕ್ಯಾಂಪಿನ ನಾಲ್ಕು ಮಕ್ಕಳನ್ನು ಸಂಜೆ ಒಂದು ತಾಸು ನಿಲ್ಲಿಸಿಕೊಂಡು ಇದನ್ನೇ ಮಾಡಿಸುತ್ತಿದ್ದರು. "ಬಾಯಿ ಓದಿದ್ದು ಬಾಯಾಗ ಉಳಿತೈತಿ, ಕೈ ಓದಿದ್ದು ತೆಲಿಯಾಗ ಉಳಿತೈತಿ" ಅನ್ನುವುದು ಅವರ ಮಾತು. ಕೊನೆಗೆ, ನಮ್ಮಿಂದಲೇ ಕಲಿತ ತೆಲುಗಿನಲ್ಲಿ, "ಅರ್ಥಂ ಅಯಿಂದಾ?" ಅಂತ ಕೇಳುವರು. ಅವರ ರಾಗಕ್ಕೆ ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಅವರೂ ನಗುತ್ತಿದ್ದರು.

ಆ ವರ್ಷ ಅಪ್ಪನಿಗೆ ತಾಳ್ಮೆ ತೀರಿತ್ತು. ಓದು ತಲೆಗೆ ಹತ್ತದಿದ್ದರೆ ಭತ್ತದ ನಾಟಿಗಾದರೂ ಬರಲಿ ಅಂದ. ಅಕ್ಕೋರು ಕೆಸರು ತುಳಿದುಕೊಂಡು ಕ್ಯಾಂಪಿಗೇ ಬಂದರು.

"ಇನ್ಸ್‌ಪೆಕ್ಟರ್ ಸಾಹೇಬ್ರು ಬರಾಕತ್ಯಾರ. ಅವರ ಮುಂದ ನಿಮ್ಮ ಮಗಳಿಂದ ಪಾಠ ಮಾಡಿಸಿ ತೋರಸ್ತೀನಿ. ಅವರು ಪಾಸ್ ಅಂದ್ರ ಸಾಲಿ ಬಿಡಿಸಬ್ಯಾಡ್ರಿ. ಇಲ್ಲಾಂದ್ರ ನಾನಽ ಕರ್ಕೊಂಬಂದು ಬಿಡ್ತೀನಿ."

ಅಪ್ಪ ಒಪ್ಪಿದ. ಪುಸ್ತಕದಲ್ಲಿದ್ದ, ಅಜ್ಜಿಯೊಬ್ಬಳು ಗಾಳಿಗೆ ಬೆನ್ನು ಮಾಡಿ ಕೂತು ಅಕ್ಕಿ ಕೇರುವ ಪಾಠವನ್ನು ಅಕ್ಕೋರು ನನಗೆ ಕೊಟ್ಟರು. ಹದಿನೈದು ದಿನ ಮೊರ ಹಿಡಿದೇ ಹಿಡಿದೆ. ಒಮ್ಮೆ ಗಾಳಿಗೆ ಎದುರಾಗಿ ಕೂತು ಕೇರಿ, ಹೊಟ್ಟು ಕಣ್ಣಿಗೆ ಬಿದ್ದು ಅತ್ತೆ. ಅಕ್ಕೋರು ಸೆರಗಿನಿಂದ ಕಣ್ಣೊರೆಸಿ, "ಈಗ ತಿಳೀತಲ್ಲ, ಅಜ್ಜಿ ಯಾಕ ಗಾಳಿಗೆ ಬೆನ್ನು ಮಾಡಿ ಕುಂತ್ಲು ಅಂತ?" ಅಂದರು.

ಸಾಹೇಬರು ಬರುವ ದಿನ ತಲೆಗೆ ಎಣ್ಣೆ ಹಚ್ಚಿ, ನನ್ನ ಅಕ್ಕನ ರಿಬ್ಬನ್ನು ಕಟ್ಟಿಕೊಂಡು ಹೋದೆ. ಅಕ್ಕೋರು ಬಾಗಿಲಲ್ಲೇ ನಮ್ಮ ನಾಲ್ವರನ್ನು ತಡೆದರು. ಮುಖ ನೋಡಿ ಮಾತಾಡಲಿಲ್ಲ.

"ನೀವು ಹಿತ್ತಲಿಗೆ ಹೋಗ್ರಿ. ಸಾಹೇಬ್ರ ಊಟಕ್ಕ ಅಕ್ಕಿ ಹಸನು ಮಾಡ್ರಿ. ಒಳಗ ಬರಬ್ಯಾಡ್ರಿ" ಅಂದು ಮೊರವನ್ನು ನನ್ನ ಕೈಗಿಟ್ಟರು. ಅದೇ ಮೊರ!

ಇನ್ಸ್‌ಪೆಕ್ಷನ್ ದಿನ ಹಿಂದುಳಿದ ಮಕ್ಕಳನ್ನು ಮರೆ ಮಾಡುವುದು ಎಲ್ಲ ಶಾಲೆಗಳಲ್ಲೂ ಇದ್ದ ಪದ್ಧತಿ ಎಂದು ನನಗೆ ಆಗ ಗೊತ್ತಿರಲಿಲ್ಲ. ತಿರುಗಿ ಕರೆಯುತ್ತಾರೆ ಅಂದುಕೊಂಡು ಕಿಟಕಿಯ ಕೆಳಗೇ ಕೂತು ಕೇರುತ್ತಿದ್ದೆ.

ಒಳಗೆ ಯಾರೋ ನನ್ನ ಪಾಠವನ್ನು ಓದಿದರು. ಸಾಹೇಬರು ಕೇಳಿದರು: "ಅಜ್ಜಿ ಗಾಳಿಗೆ ಬೆನ್ನು ಮಾಡಿ ಯಾಕೆ ಕೂತಳು?"

ಆ ಕಾರಣ ಪುಸ್ತಕದಲ್ಲಿ ಇರಲಿಲ್ಲ. ಒಳಗಿನವರು ಪುಟ ತಿರುವಿ ಹುಡುಕತೊಡಗಿದರು. ನನಗೆ ತಡೆಯಲಾಗಲಿಲ್ಲ. ಎದ್ದು ಕಿಟಕಿಯ ಸರಳು ಹಿಡಿದು ಕೂಗಿದೆ: "ಇಲ್ಲಾಂದ್ರ ಹೊಟ್ಟು ಕಣ್ಣಾಗ ಬೀಳ್ತೈತ್ರಿ ಸಾರ್!"

ಸಾಹೇಬರು ನಕ್ಕರು. "ಭಲೆ! ಯಾರಮ್ಮ ಇವಳು?"

ಅಕ್ಕೋರು ನನ್ನ ಕಡೆ ನೋಡಿದರು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಿದ್ದರು.

"ನಮ್ಮ ಸಾಲಿ ಹುಡುಗಿ ಅಲ್ರಿ ಸಾರ್. ಕೂಲಿಗೆ ಬಂದಾಕಿ."

ಆ ಮಾತು ನನಗೆ ಪೂರ್ತಿ ಅರ್ಥವಾಯಿತು. ಅರ್ಥ ಮಾಡಿಕೊಳ್ಳುವುದನ್ನು ಅವರೇ ಕಲಿಸಿದ್ದರಲ್ಲ! ಮೊರ ಬಿಸುಟು ಕ್ಯಾಂಪಿಗೆ ಓಡಿದೆ. ಸಾಹೇಬರು ಏನಂದರು ಅಂತ ಅಪ್ಪ ಕೇಳಿದ. ನನ್ನನ್ನು ಒಳಗೇ ಬಿಡಲಿಲ್ಲ ಅಂದೆ. ಮರುದಿನ ನಾಟಿಗೆ ಇಳಿದೆ. ಅಕ್ಕೋರು ಬಂದು ಅಪ್ಪನಿಗೆ ಒಂದು ಮಾತು ಹೇಳಿಯಾರು ಅಂತ ಎಷ್ಟೋ ದಿನ ಬದುವಿನ ಮೇಲೆ ಕಣ್ಣಿಟ್ಟಿದ್ದೆ. ಬರಲಿಲ್ಲ. ಸಾಹೇಬರು ಒಳ್ಳೆಯ ವರದಿ ಬರೆದರಂತೆ, ಮೂರು ತಿಂಗಳಲ್ಲಿ ಅಕ್ಕೋರಿಗೆ ಹುಟ್ಟಿದೂರು ಕುರುಗೋಡಿಗೆ ವರ್ಗವಾಯಿತು.

ಒಂದು ವರ್ಷ ನಾನು ಶಾಲೆಯ ಮುಖ ನೋಡಲಿಲ್ಲ. ಕಾಲುವೆಗೆ ನೀರು ಬಿಡುವ ಬಗ್ಗೆ ಕನ್ನಡದಲ್ಲಿ ಒಂದು ನೋಟೀಸು ಕ್ಯಾಂಪಿನಲ್ಲಿ ಅಂಟಿಸಿದಾಗ, ಅದನ್ನು ಓದಿ ಎಲ್ಲರಿಗೂ ತೆಲುಗಿನಲ್ಲಿ ಬಿಡಿಸಿ ಹೇಳಿದೆ. ಅದನ್ನು ಕೇಳಿದ ಅಮ್ಮ ಅಪ್ಪನ ಜೊತೆ ಜಗಳವಾಡಿ ನನ್ನನ್ನು ಮತ್ತೆ ಶಾಲೆಗೆ ಸೇರಿಸಿದಳು. ಓದಿ ನಾನೂ ಬಳ್ಳಾರಿಯಲ್ಲಿ ಟೀಚರಾದೆ. ನನ್ನ ಮೇಜಿನ ಕೆಳಗೂ ಒಂದು ಟ್ರಂಕಿದೆ, ಅದರಲ್ಲೂ ಒಂದು ಮೊರವಿದೆ. ಸಾಹೇಬರು ಬಂದ ದಿನ ತಡವರಿಸುವ ಮಕ್ಕಳನ್ನೇ ಮುಂದೆ ಕೂರಿಸುತ್ತೇನೆ. ಬೈಸಿಕೊಂಡಿದ್ದೇನೆ, ಬೈಯಲಿ ಬಿಡಿ.

ಒಮ್ಮೆ ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕೋರು ಸಿಕ್ಕರು. ತಲೆ ನರೆತಿತ್ತು, ಉಗುರು ಹಾಗೇ ಇತ್ತು. ನಾನು ಟೀಚರಾದದ್ದು ಕೇಳಿ ನನ್ನ ಕೈ ಹಿಡಿದು ಪಕ್ಕದವರಿಗೆಲ್ಲ, "ನನ್ನ ಹುಡುಗಿ ಈಕಿ" ಅನ್ನತೊಡಗಿದರು. ನನಗೆ ಮೈ ಉರಿಯಿತು.

"ಅವತ್ತು ಅಲ್ಲ ಅಂದ್ರಲ್ರಿ ಅಕ್ಕೋರೆ?"

ಅವರು ಕೈ ಬಿಡಲಿಲ್ಲ. "ಅಂದೆ. ಹಿಂದಿನ ಸಾಹೇಬ್ರು ನಾನು ಪಾಠ ಬಿಟ್ಟು ಆಟ ಆಡಸ್ತೀನಿ ಅಂತ ಮೆಮೊ ಕೊಟ್ಟಿದ್ರು. ಕುರುಗೋಡಿನಾಗ ಅವ್ವ ಹಾಸಿಗಿ ಹಿಡಿದಿದ್ಲು, ನನಗ ವರ್ಗ ಬೇಕಿತ್ತು. ಅಂದುಬಿಟ್ಟೆ."

ಅಷ್ಟೇ. ತಪ್ಪಾಯಿತು ಅನ್ನಲಿಲ್ಲ. ಬಸ್ಸು ಬಂತು, ಹತ್ತಿ ಹೋದರು.

ಅವರು ತೀರಿದ ಸುದ್ದಿ ತಿಳಿದಾಗ ಹೋಗಬಾರದು ಅಂದುಕೊಂಡೇ ಕುರುಗೋಡಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದು ಮಾತು ಸಿದ್ಧ ಮಾಡಿಕೊಂಡಿದ್ದೆ. ಯಾರಾದರೂ ಕೇಳಿದರೆ, "ನಾನು ಅವರಿಗೆ ಏನೂ ಆಗಬೇಕಿಲ್ಲ" ಅನ್ನಬೇಕು. ಒಮ್ಮೆಯಾದರೂ ಅವರಿಗೆ ಅದು ಮುಟ್ಟಲಿ.

ಅವರ ಮನೆತನದ ಪದ್ಧತಿಯಂತೆ ಅಕ್ಕೋರನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದರು. ಅವರ ತಮ್ಮನ ಹೆಂಡತಿ ಅಳುತ್ತಲೇ ನನ್ನನ್ನು ನೋಡಿದಳು.

"ನೀವು ಯಾರ್ರೀ? ಗುರ್ತ ಸಿಗಲಿಲ್ಲ."

ಸಿಟ್ಟು ನನ್ನಲ್ಲಿ ಇನ್ನೂ ಇತ್ತು, ಈಗಲೂ ಇದೆ. ಆದರೂ ಅವರು ಹೇಳಿದ ಸುಳ್ಳನ್ನು ನಾನು ಹೇಳಲಾರದೆ ಹೋದೆ.

"ಅಕ್ಕೋರ ಸಾಲಿ ಹುಡುಗಿರಿ" ಅಂದೆ.