ಚೀಟಿಗಳು ಹೊರಗೆ ಹೋದ ಆದಿತ್ಯವಾರ

ಕರ್ತನನ್ನು ನಂಬಿ ನಡೆಯುವ ಸಹೋದರ ಸಹೋದರಿಯರೇ, ಹೋದ ವರ್ಷ ಜುಲೈ ತಿಂಗಳ ಎರಡನೇ ಆದಿತ್ಯವಾರ ನಮ್ಮ ಸಭೆಯ ಪ್ರಾರ್ಥನೆಯ ಚೀಟಿಗಳು ಮೊಬೈಲಿನ ಮೂಲಕ ಊರೆಲ್ಲ ಹೋದವು. ಅದರಿಂದ ಒಂದು ಹುಡುಗಿಯ ಮದುವೆ ಮಾತುಕತೆ ಮುರಿದುಬಿತ್ತು. ಮಾಡಿದವಳು ನಾನು ಎಂದು ಸಭೆಯೇ ನಂಬಿತು. ನಾನು ಮಾಡಿರಲಿಲ್ಲ. ಮಾಡಿದವಳು ನನ್ನ ಎದುರಿನ ಬೆಂಚಿನಲ್ಲಿಯೇ ಕೂತು, ನನ್ನ ಹೆಸರು ಹೇಳಿದಳು.

ನಾನು ನರಿಕೊಂಬಿನ ಪ್ರೇಮಾ. ನನ್ನ ಅಮ್ಮ ಲೀಲಾವತಿ ಮೂವತ್ತು ವರ್ಷ ಬೀಡಿ ಕಟ್ಟಿದವರು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ದಿನಾ ಬೆಳಿಗ್ಗೆ ಸಿದ್ಧಕಟ್ಟೆಯ ಮೇಲಿನಿಂದ ಹೋಗುವ ಬಸ್ಸಿನಲ್ಲಿ ನಿಂತುಕೊಂಡೇ ಮೂಡುಬಿದಿರೆಗೆ ಹೋಗಿ ಬಿ.ಕಾಂ. ಮುಗಿಸಿದೆ. ಈಗ ಅದೇ ಊರಿನ ಒಂದು ಕಚೇರಿಯಲ್ಲಿ ಕೆಲಸ. ಪದವಿಯ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಯಲ್ಲಿ ತೂಗು ಹಾಕಿದ್ದೇನೆ. ಜಂಬ ಎನ್ನುವವರು ಎನ್ನಲಿ. ಅದರ ಹಿಂದೆ ಅಮ್ಮನ ಬೆರಳುಗಳಿವೆ.

ಲಾಕ್‌ಡೌನಿನ ಕಾಲದಲ್ಲಿ ಬಂಟ್ವಾಳದ ನಮ್ಮ ಸಭೆಯ ಆರಾಧನೆಯನ್ನು ಮೊಬೈಲಿನಲ್ಲಿ ಕಳುಹಿಸಲು ಶುರು ಮಾಡಿದ್ದು ನಾನೇ. ಸಭಾಪಾಲಕರಾದ ಅಯ್ಯನವರ ಪ್ರಸಂಗ ಹಾಸಿಗೆ ಹಿಡಿದವರಿಗೆ, ಗಲ್ಫಿನಲ್ಲಿರುವವರಿಗೆ, ಚರ್ಚಿಗೆ ಬರಲಾಗದ ಸೊಸೆಯಂದಿರಿಗೆ ಮುಟ್ಟಿತು. ಆಮೇಲೆ ಬೆಳ್ತಂಗಡಿಯ ಕಡೆಯ ಒಂದು ಸಭೆಯವರು, ಮೂಡುಬಿದಿರೆಯ ಹತ್ತಿರದ ಇನ್ನೊಂದು ಸಭೆಯವರು ಕರೆದರು. ಆದಿತ್ಯವಾರ ಮಧ್ಯಾಹ್ನ ಊಟವಾದ ಮೇಲೆ ಬಸ್ಸು ಹತ್ತಿ ಹೋಗಿ, ಸ್ಟ್ಯಾಂಡ್ ಎಲ್ಲಿಡಬೇಕು, ಮೈಕಿನ ವಯರು ಹೇಗೆ ಸಿಕ್ಕಿಸಬೇಕು ಎಂದು ಕಲಿಸಿ ಬರುತ್ತಿದ್ದೆ. ದೇವರು ನನಗೆ ಕೊಟ್ಟ ಸೇವೆ ಇದು ಎಂದು ನಂಬಿದ್ದೆ.

ನಮ್ಮ ಸಭೆಯಲ್ಲಿ ಒಂದು ರೂಢಿ ಉಂಟು. ಬಾಗಿಲ ಬಳಿ ಮರದ ಪೆಟ್ಟಿಗೆ. ಯಾರಿಗೆ ಏನು ಕಷ್ಟವೋ ಅದನ್ನು ಚೀಟಿಯಲ್ಲಿ ಬರೆದು ಹಾಕುತ್ತಾರೆ. ಮೊದಲ ಕೀರ್ತನೆ ಮುಗಿದ ಕೂಡಲೇ ಅಯ್ಯನವರು ಒಂದೊಂದೇ ಚೀಟಿ ತೆಗೆದು, ಮನೆ ಯಾವುದು, ಕಷ್ಟ ಏನು ಎಂದು ಗಟ್ಟಿಯಾಗಿ ಓದುತ್ತಾರೆ. ಸಭೆ ಎದ್ದು ನಿಂತು ಪ್ರಾರ್ಥಿಸುತ್ತದೆ. ನಮ್ಮ ಅಜ್ಜಿಯ ಕಾಲದಿಂದಲೂ ಹೀಗೆಯೇ. ಗಂಡನ ಕುಡಿತ, ಮಗಳ ಬಂಜೆತನ, ಎಲ್ಲವೂ ಆ ನಾಲ್ಕು ಗೋಡೆಗಳ ಒಳಗೆ ಕೇಳಿ ಅಲ್ಲಿಯೇ ಉಳಿಯುತ್ತಿತ್ತು. ಅದಕ್ಕಾಗಿ ನಾನು ಹಟ ಹಿಡಿದು ಒಂದು ನಿಯಮ ಮಾಡಿಸಿದ್ದೆ: ಚೀಟಿ ಓದಿ ಮುಗಿಯುವವರೆಗೆ ಮೊಬೈಲಿನಲ್ಲಿ ನೇರಪ್ರಸಾರದ ಗುಂಡಿ ಒತ್ತಬಾರದು.

ಅಮ್ಮನ ಚೀಟಿಯೂ ಪ್ರತಿ ವಾರ ಆ ಪೆಟ್ಟಿಗೆಯಲ್ಲಿರುತ್ತಿತ್ತು. ಬರೆಯುವ ಕೈ ನನ್ನದು, ಮಾತು ಅವರದು. ಒಂದೇ ಮಾತು: "ನನ್ನ ದೊಡ್ಡ ಮಗಳು ಹೇಮಾಳ ಮುಖ ಒಮ್ಮೆ ನೋಡುವ ಹಾಗೆ ಮಾಡು." ಅಕ್ಕ ಅಪ್ಪ ಒಪ್ಪದವನನ್ನು ಮದುವೆಯಾಗಿ ಮನೆ ಬಿಟ್ಟು ಒಂಬತ್ತು ವರ್ಷ ಆಗಿತ್ತು. ಅಪ್ಪ ತೀರಿಹೋದ ಸುದ್ದಿ ತಿಳಿಸಲು ಹುಡುಕಿದಾಗಲೂ ಅವಳು ಸಿಕ್ಕಿರಲಿಲ್ಲ.

ಆ ಆದಿತ್ಯವಾರ ಮೊದಲ ಕೀರ್ತನೆ ನಡೆಯುತ್ತಿದ್ದಾಗ ಪಕ್ಕದ ಮನೆಯ ಐಸಮ್ಮನ ಫೋನು ಬಂತು. "ಪ್ರೇಮಾ, ಬೇಗ ಬಾ. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ. ಏಳ್ಲಿಕ್ಕೆ ಆಗುವುದಿಲ್ಲ."

ನನ್ನ ಪಕ್ಕದಲ್ಲಿ ವಿನೋದಿನಿ ನಿಂತಿದ್ದಳು. ಸಂಡೇ ಸ್ಕೂಲಿನಿಂದ ಒಂದೇ ಬೆಂಚಿನಲ್ಲಿ ಕೂತವರು ನಾವು. ಈ ಕೆಲಸವನ್ನು ಅವಳಿಗೂ ಕಲಿಸಿದ್ದೆ.

"ವಿನ್ನಿ, ಚೀಟಿ ಓದಿ ಆದ ಮೇಲೆ ಒತ್ತು. ಅದರ ಮೊದಲು ಬೇಡ, ಆಯ್ತಾ?"

"ಆಯ್ತು ಮಾರಾಯ್ತಿ, ನೀನು ಹೋಗು. ನಾನು ನೋಡ್ಕೊಳ್ತೇನೆ."

ಅಮ್ಮನನ್ನು ರಿಕ್ಷಾದಲ್ಲಿ ಮಲಗಿಸಿಕೊಂಡು ಬಂಟ್ವಾಳದ ಆಸ್ಪತ್ರೆಗೆ ಹೋದೆ. ಸೊಂಟದ ಮೂಳೆ ಮುರಿದಿತ್ತು. ಈ ವಯಸ್ಸಿನಲ್ಲಿ, ಈ ಸಕ್ಕರೆ ಕಾಯಿಲೆಯಲ್ಲಿ ಏನೂ ಹೇಳಲಾಗದು ಎಂದರು ಡಾಕ್ಟರು. ಮಧ್ಯಾಹ್ನ ಎಕ್ಸ್-ರೇ ಕೋಣೆಯ ಹೊರಗೆ ನಿಂತಿದ್ದಾಗ ಅಯ್ಯನವರ ಫೋನು: "ಪ್ರೇಮಾ, ಆ ವಿಡಿಯೋ ಕೂಡಲೇ ತೆಗಿ." ತೆಗೆದೆ. ಯಾಕೆಂದು ತಿಳಿದದ್ದು ಆಮೇಲೆ. ಚೀಟಿ ಓದಿದ್ದೆಲ್ಲ ಹೊರಗೆ ಹೋಗಿತ್ತು. ಒಂದು ಚೀಟಿಯಲ್ಲಿ ನಮ್ಮ ಸಭೆಯ ಒಬ್ಬ ಹುಡುಗಿಗೆ ಫಿಟ್ಸ್ ಬರುವ ವಿಷಯ ಇತ್ತು. ಅವಳನ್ನು ನೋಡಿ ಹೋಗಿದ್ದ ಗಂಡಿನ ಕಡೆಯವರು ನಾನು ಕಲಿಸಲು ಹೋಗುತ್ತಿದ್ದ ಬೆಳ್ತಂಗಡಿಯ ಸಭೆಯವರು. ಅವರು ಅದನ್ನು ಕೇಳಿದರು. ಆ ಸಭೆಗೆ "ನಮ್ಮದನ್ನು ನೋಡಿ ಕಲಿಯಿರಿ" ಎಂದು ಲಿಂಕ್ ಕಳುಹಿಸಿದ್ದವಳು ನಾನೇ.

ಮುಂದಿನ ಆದಿತ್ಯವಾರ ಆರಾಧನೆ ಮುಗಿದ ಮೇಲೆ ಕಮಿಟಿ ಕೂತಿತು. ಸಭಾ ಹಿರಿಯರಾದ ಎಡ್ವಿನಣ್ಣ ನನ್ನನ್ನು ಕರೆದು ಕೇಳಿದರು. ನಡೆದದ್ದನ್ನು ಹೇಳಿದೆ. ಅವರು ವಿನೋದಿನಿಯ ಕಡೆ ತಿರುಗಿದರು. ಮದುವೆ ಮುರಿದ ಹುಡುಗಿ ವಿನೋದಿನಿಯ ಗಂಡನ ಹತ್ತಿರದ ಸಂಬಂಧ. ಅದು ನನಗೂ ಗೊತ್ತಿತ್ತು. ವಿನೋದಿನಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಾ ಹೇಳಿದಳು:

"ನಾನು ನೋಡುವಾಗ ಆನ್ ಆಗಿಯೇ ಇತ್ತು. ಪ್ರೇಮಾ ಒತ್ತಿಯೇ ಹೋದದ್ದು."

"ವಿನ್ನೀ!" ಎಂದೆ. ಅವಳು ನನ್ನನ್ನು ನೋಡಲಿಲ್ಲ.

"ಅವಸರದಲ್ಲಿ ಮರೆತಿರಬೇಕು," ಎಂದರು ಅಯ್ಯನವರು ಮೆಲ್ಲಗೆ.

"ಮರೆತದ್ದಾದರೆ ಮರೆತೆ ಅಂತ ಹೇಳಬೇಕು ಅಲ್ವಾ?" ಎಡ್ವಿನಣ್ಣ ಮೇಜು ಕುಟ್ಟಿದರು. "ಡಿಗ್ರಿ ಆದವರಿಗೆ ತಪ್ಪು ಒಪ್ಪಿಕೊಳ್ಲಿಕ್ಕೆ ಕಷ್ಟ. ಬೀಡಿ ಕಟ್ಟುವ ಮನೆಯಲ್ಲಿ ಇದ್ದ ವಿನಯ ಎಲ್ಲಿ ಹೋಯ್ತು ಮಗಾ?"

ಆ ಮಾತು ಇಂದಿಗೂ ನನ್ನೊಳಗಿದೆ. ಸ್ಟ್ಯಾಂಡು, ಮೈಕು, ಪಾಸ್‌ವರ್ಡು ಬರೆದ ಕಾಗದ ಎಲ್ಲವನ್ನೂ ಮೇಜಿನ ಮೇಲಿಟ್ಟು ಬಂದೆ. ಅದೇ ವಾರ ಮೂಡುಬಿದಿರೆಯ ಕಡೆಯ ಸಭೆಯವರು ಫೋನು ಮಾಡಿ, "ನಮ್ಮಲ್ಲಿ ಸದ್ಯಕ್ಕೆ ಬೇಡಮ್ಮ, ಜನ ಹೆದರ್ತಾರೆ," ಎಂದರು. ಬೆಳ್ತಂಗಡಿಯವರು ಫೋನನ್ನೂ ಮಾಡಲಿಲ್ಲ.

ಬೆಳಿಗ್ಗೆ ಆಸ್ಪತ್ರೆ, ಅಲ್ಲಿಂದ ಬಸ್ಸಿನಲ್ಲಿ ಕೆಲಸಕ್ಕೆ, ಸಂಜೆ ಮತ್ತೆ ಆಸ್ಪತ್ರೆ. ಹಗಲು ಐಸಮ್ಮ ಗಂಜಿ ತಂದು ಅಮ್ಮನ ಜೊತೆ ಕೂರುತ್ತಿದ್ದರು. ಕಮಿಟಿಯಲ್ಲಿ ನಡೆದದ್ದನ್ನು ನಾನು ಅಮ್ಮನಿಗೆ ಹೇಳಲಿಲ್ಲ. ಬಸ್ಸಿನ ಕಿಟಕಿಗೆ ತಲೆಯಾನಿಸಿ ಒಂದೇ ಪ್ರಾರ್ಥನೆ ಮಾಡುತ್ತಿದ್ದೆ: "ಕರ್ತನೇ, ಸತ್ಯ ಹೊರಗೆ ಬರಲಿ. ಅವಳ ಬಾಯಿಂದಲೇ ಬರಲಿ. ಎಲ್ಲರ ಮುಂದೆ ಅವಳ ತಲೆ ತಗ್ಗಲಿ." ನಾನು ಬೇಡಿದ್ದನ್ನು ಬೇಡಿದ ಹಾಗೆಯೇ ಬರೆಯುತ್ತಿದ್ದೇನೆ. ಸಾಕ್ಷಿ ಹೇಳುವಾಗ ನಮ್ಮ ಪ್ರಾರ್ಥನೆಯನ್ನು ತೊಳೆದು ಬಿಳಿ ಮಾಡಿ ಹೇಳುವುದು ನನಗೆ ಸರಿಕಾಣುವುದಿಲ್ಲ.

ಕೆಲವು ದಿನ ಆ ಪ್ರಾರ್ಥನೆಯೂ ಬರಲಿಲ್ಲ. ಅಮ್ಮ ಒಂದು ಸಂಜೆ, "ಈ ವಾರದ ಚೀಟಿ ಹಾಕಿದಿಯಾ?" ಎಂದು ಕೇಳಿದರು. "ಹಾಕಿದೆ" ಎಂದು ಸುಳ್ಳು ಹೇಳಿದೆ. ಆ ಪೆಟ್ಟಿಗೆಯ ಹತ್ತಿರ ಹೋಗಲು ನನಗೆ ಮನಸ್ಸಿರಲಿಲ್ಲ.

ಮಾರನೆಯ ದಿನ, ಬುಧವಾರ, ಕೆಲಸ ಮುಗಿಸಿ ವಾರ್ಡಿಗೆ ಬಂದಾಗ ಐಸಮ್ಮ ಬಾಗಿಲಲ್ಲಿಯೇ ನನ್ನ ಕೈ ಹಿಡಿದರು. "ಗಲಾಟೆ ಮಾಡಬೇಡ. ಒಳಗೆ ಹೋಗಿ ನೋಡು. ಬೀಗ ಹಾಕಿದ ನಿಮ್ಮ ಮನೆಯ ಎದುರು ಒಬ್ಬಳು ಚೀಲ ಹಿಡಿದು ಅಳ್ತಾ ನಿಂತಿದ್ದಳು. ನಾನೇ ಕರ್ಕೊಂಡು ಬಂದೆ."

ಹಾಸಿಗೆಯ ಅಂಚಿನಲ್ಲಿ ಹೇಮಕ್ಕ. ಅಮ್ಮನ ಎರಡೂ ಕೈ ಅವಳ ಕೆನ್ನೆಯ ಮೇಲೆ. ಅಮ್ಮ ಅವಳ ಹಣೆ, ಮೂಗು, ಗಲ್ಲ ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು.

"ಎಲ್ಲಿದ್ದೆ ಇಷ್ಟು ವರ್ಷ?" ಎಂದೆ.

"ಚಾರ್ಮಾಡಿಯಲ್ಲಿ. ಇವರದ್ದು ಅಲ್ಲಿ ಒಂದು ಚಿಕ್ಕ ಹೋಟೆಲ್ ಉಂಟು."

ಚಾರ್ಮಾಡಿ! ಎರಡು ಬಸ್ಸು ಬದಲಿಸಿದರೆ ಸಿಗುವ ಊರು. ನನಗೆ ಸಿಟ್ಟೂ ಬಂತು, ನಗುವೂ ಬಂತು.

"ಅಮ್ಮನೂ ನಿನ್ನನ್ನು ಬಿಟ್ಟಾಗಿದೆ, ಇನ್ನು ಬರಬೇಡ ಅಂತ ಅಪ್ಪ ಹೇಳಿದ್ದರು. ನಾನು ನಂಬಿದೆ," ಎಂದಳು ಅಕ್ಕ. "ಆದಿತ್ಯವಾರ ಹೋಟೆಲಿನಲ್ಲಿ ರಶ್ಶು. ಕಿವಿಗೆ ವಯರು ಸಿಕ್ಕಿಸಿಕೊಂಡು ನಮ್ಮ ಸಭೆಯ ಪ್ರಸಂಗ ಕೇಳ್ತಾ ಹಿಟ್ಟು ರುಬ್ತೇನೆ. ಒಂದು ದಿನ ಅಯ್ಯನವರು ಅಮ್ಮನ ಹೆಸರು ಓದಿದರು, ನನ್ನ ಹೆಸರು ಓದಿದರು. ಗ್ರೈಂಡರ್ ಬಂದ್ ಮಾಡಿ ಅಲ್ಲೇ ಕೂತೆ. ಧೈರ್ಯ ಬರ್ಲಿಕ್ಕೆ ಇಷ್ಟು ದಿನ ಹಿಡಿಯಿತು."

ನಾನು ಮಾಡಿದ ನಿಯಮ ಆ ದಿನ ನಡೆದಿದ್ದರೆ ಅಮ್ಮನ ಚೀಟಿ ಅಕ್ಕನ ಕಿವಿಗೆ ಎಂದೂ ಬೀಳುತ್ತಿರಲಿಲ್ಲ. ಇದು ನನಗೆ ಆಗಲೇ ಹೊಳೆಯಿತು. ಆದರೂ ಅಮ್ಮ ಕೇಳಿಸಿಕೊಳ್ಳಬಾರದೆಂದು, ಕಮಿಟಿಯ ವಿಷಯ ಅಕ್ಕನಿಗೂ ಹೇಳಲಿಲ್ಲ.

ಆ ಆದಿತ್ಯವಾರ ಅಕ್ಕ ಹಟ ಮಾಡಿ ನನ್ನನ್ನು ಆರಾಧನೆಗೆ ಎಳೆದುಕೊಂಡು ಹೋದಳು. ಪ್ರಸಂಗದ ನಂತರ ಅಯ್ಯನವರು, "ಕರ್ತನಿಗೆ ಸ್ತೋತ್ರ ಹೇಳುವವರು ಉಂಟಾ?" ಎಂದು ಎಂದಿನಂತೆ ಕೇಳಿದರು. ಅಕ್ಕ ಎದ್ದು ನಿಂತಳು. ಅಮ್ಮನ ಚೀಟಿಯ ವಿಷಯ ಹೇಳಿದಳು. ಹೆಂಗಸರ ಬೆಂಚುಗಳಲ್ಲಿ ಮೂಗು ಒರೆಸುವ ಸದ್ದು. ಆಮೇಲೆ ಅವಳು ತಿರುಗಿ ನೋಡಿ ನಕ್ಕಳು.

"ವಿನೋದಿನಿಗೂ ಸ್ತೋತ್ರ ಹೇಳಬೇಕು. ಆ ದಿನ ಮೊಬೈಲಿನಲ್ಲಿ ಮೊದಲು ಕಂಡದ್ದು ಇವಳ ಮುಖವೇ, ಕ್ಯಾಮೆರಾ ಇವಳ ಕಡೆಗೇ ತಿರುಗಿತ್ತು. ಸಂಡೇ ಸ್ಕೂಲಿನಲ್ಲಿ ಮಾಡ್ತಿದ್ದ ಹಾಗೆಯೇ ನಾಲಿಗೆ ಕಚ್ಚಿಕೊಂಡು! ಪಕ್ಕದವರಿಗೆ ಹೇಳ್ತಾ ಇದ್ದಳು, 'ಪ್ರೇಮಾ ಹೋದಳು, ಆಮೇಲೆ ಮರೆತರೆ ಕಷ್ಟ, ನಾನು ಈಗಲೇ ಒತ್ತಿಬಿಟ್ಟೆ' ಅಂತ. ನೀನು ಹಾಗೆ ಮಾಡಿದ್ದಕ್ಕೆ ನನಗೆ ನನ್ನ ಅಮ್ಮ ಸಿಕ್ಕಿದರು ವಿನ್ನಿ. ದೇವರು ನಿನ್ನನ್ನು ಚೆನ್ನಾಗಿಡಲಿ."

ಬೆಂಚುಗಳಲ್ಲಿದ್ದವರು ಒಬ್ಬೊಬ್ಬರಾಗಿ ವಿನೋದಿನಿಯ ಕಡೆ ತಿರುಗಿದರು. ಅಕ್ಕ ಎಲ್ಲರ ಮುಖ ನೋಡಿ, ತಾನು ಏನಾದರೂ ತಪ್ಪು ಹೇಳಿದೆನೋ ಎಂದು ಗಾಬರಿಯಾಗಿ ಕೂತಳು. ಎಡ್ವಿನಣ್ಣ ಕನ್ನಡಕ ತೆಗೆದು ಒರೆಸಿದರು. ವಿನೋದಿನಿಯ ತಲೆ ತಗ್ಗಿತ್ತು. ನಾನು ಬೇಡಿದ್ದು ಅದನ್ನೇ. ಕಣ್ಣಾರೆ ಕಂಡಾಗ ನನಗೆ ಸಂತೋಷವಾಗಲಿಲ್ಲ. ನಾನು ಶಾಪದ ಹಾಗೆ ಬೇಡಿದ್ದನ್ನು ದೇವರು ಆಶೀರ್ವಾದದ ಮಾತಿನಲ್ಲಿ ಕೊಟ್ಟಿದ್ದರು.

ಮುಂದಿನ ವಾರ ಎಡ್ವಿನಣ್ಣ ಸ್ಟ್ಯಾಂಡು, ಮೈಕನ್ನು ಮನೆಗೇ ತಂದು ಜಗಲಿಯಲ್ಲಿಟ್ಟರು. "ನೀನೇ ನೋಡ್ಕೊಳ್ಳಬೇಕು ಮಗಾ," ಎಂದರು. ಬೀಡಿಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮದುವೆ ಮುರಿದ ಹುಡುಗಿಯ ಮನೆಗೆ ನಾನೇ ಹೋದೆ. ಅವಳ ತಾಯಿ ಚಹಾ ಕೊಟ್ಟು, "ನೀನು ಮಾಡಿದ್ದಲ್ಲ ಅಂತ ಗೊತ್ತಾಯ್ತು. ಆದರೆ ಇನ್ನು ನಾವು ಚೀಟಿ ಹಾಕುವುದಿಲ್ಲ," ಎಂದರು. ಈಗ ಪ್ರತಿದಿನ ಆ ಹುಡುಗಿಗಾಗಿ ಪ್ರಾರ್ಥಿಸುತ್ತೇನೆ, ಚೀಟಿ ಇಲ್ಲದೆ. ನಿಯಮವನ್ನು ನಾನು ಬದಲಿಸಿಲ್ಲ. ಈಗ ಮತ್ತೆ ಕರೆಯುತ್ತಿರುವ ಸಭೆಗಳಿಗೂ ಮೊದಲು ಕಲಿಸುವುದು ಅದನ್ನೇ.

ಅಮ್ಮ ವಾಕರ್ ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ತಿಂಗಳಿಗೆರಡು ಸಲ ಅಕ್ಕ ಬರುತ್ತಾಳೆ, ಭಾವ ಬನ್ಸ್ ಕಟ್ಟಿ ಕಳುಹಿಸುತ್ತಾರೆ.

ವಿನೋದಿನಿ ಇದುವರೆಗೆ ಕ್ಷಮಿಸು ಎಂದಿಲ್ಲ. ಅವಳನ್ನು ಕಂಡರೆ ಈಗಲೂ ನಾನು ಬೇರೆ ಬೆಂಚಿಗೆ ಹೋಗಿ ಕೂರುತ್ತೇನೆ. ಈ ಸಾಕ್ಷಿಯನ್ನು ಬರೆದು ಮೊದಲು ಅವಳ ಮನೆಗೆ ಒಯ್ದೆ. "ನಿನ್ನ ಹೆಸರು ಬೇಕಾದರೆ ಬದಲಿಸ್ತೇನೆ," ಎಂದೆ. ಅವಳು ಬಾಗಿಲಲ್ಲಿ ನಿಂತೇ ಕೊನೆಯವರೆಗೆ ಓದಿದಳು. ಕಾಗದ ಮಡಚಿ ನನ್ನ ಕೈಗೆ ಕೊಟ್ಟಳು.

"ಬದಲಿಸಬೇಡ ಪ್ರೇಮಾ. ಹಾಗೇ ಇರಲಿ."

ಇಷ್ಟನ್ನು ಕೊಟ್ಟ ಕರ್ತನಿಗೆ ಸ್ತೋತ್ರ. ಉಳಿದದ್ದನ್ನೂ ಆತನೇ ಕೊಡುತ್ತಾನೆಂದು ಕಾಯುತ್ತಿದ್ದೇನೆ. ಮೊನ್ನೆ ಪೆಟ್ಟಿಗೆಗೆ ನನ್ನದೂ ಒಂದು ಚೀಟಿ ಹಾಕಿದ್ದೇನೆ: "ವಿನೋದಿನಿಯ ಪಕ್ಕದಲ್ಲಿ ಮತ್ತೆ ಕೂರುವ ಮನಸ್ಸು ನನಗೆ ಕೊಡು."